‘ನೀಲಿ’ ಎಂದವನು ಕಂಡದ್ದೇನು? – ದೃಷ್ಟಿದೋಷವಿರುವ ಮಕ್ಕಳಿಗೆ ವಿಜ್ಞಾನ ಪಾಠ

ಬೋಧನಾಭ್ಯಾಸದ ಮೂರನೇ ವಾರ. ಎಂಟನೇ ತರಗತಿ, ಲೋಹಗಳು ಮತ್ತು ಅಲೋಹಗಳ ಪಾಠ. ಮೆಗ್ನೀಸಿಯಂ ಪಟ್ಟಿಯನ್ನು ಉರಿಸಿದೆ. ಉಳಿದ ಬಿಳಿ ಬೂದಿಯನ್ನು ನೀರಿನಲ್ಲಿ ಕದಡಿ, ಕೆಂಪು ಲಿಟ್ಮಸ್ ಕಾಗದ ಅದ್ದಿ ಮೇಲೆತ್ತಿ ಹಿಡಿದೆ. “ಏನಾಯ್ತು?” ಎಂದು ಕೇಳಿದೆ. “ನೀಲಿ!” ಎಂದು ಇಡೀ ತರಗತಿ ಕೂಗಿತು. ಎರಡನೇ ಬೆಂಚಿನ ತುದಿಯಲ್ಲಿ ಕುಳಿತಿದ್ದ ಹುಡುಗನೂ ಕೂಗಿದ, ಉಳಿದವರಿಗಿಂತ ಅರೆಕ್ಷಣ ತಡವಾಗಿ. ಅವಲೋಕನಕ್ಕೆ ಕುಳಿತಿದ್ದ ನನ್ನ ಸಹಪಾಠಿ ‘ಎಲ್ಲ ವಿದ್ಯಾರ್ಥಿಗಳೂ ಸಕ್ರಿಯವಾಗಿ ಭಾಗವಹಿಸಿದರು’ ಎಂದು ಅವಲೋಕನ ಪುಸ್ತಕದಲ್ಲಿ ಬರೆದಳು.

ಆ ಅರೆಕ್ಷಣ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಪಾಠ ಮುಗಿದ ಮೇಲೆ ಅವನನ್ನು ಕರೆದು, ಕಾಗದ ನಿಜವಾಗಿ ಕಂಡಿತೇ ಎಂದು ಕೇಳಿದೆ. “ಇಲ್ಲ ಟೀಚರ್, ಎಲ್ಲರೂ ನೀಲಿ ಅಂದ್ರಲ್ಲ” ಎಂದ. ಅವನಿಗೆ ನಾಚಿಕೆಯೇನೂ ಇರಲಿಲ್ಲ. ವಿಜ್ಞಾನದ ತರಗತಿಯಲ್ಲಿ ಮಾಡಬೇಕಾದದ್ದೇ ಅದು ಎಂದು ಅವನು ತಿಳಿದಿದ್ದ.

ಅವನಿಗೆ ಹುಟ್ಟಿನಿಂದಲೂ ದೃಷ್ಟಿ ಬಹಳ ಕಡಿಮೆ. ದಪ್ಪ ಅಕ್ಷರವನ್ನು ಮೂಗಿನ ಹತ್ತಿರ ಹಿಡಿದರೆ ಓದುತ್ತಾನೆ. ಕಪ್ಪುಹಲಗೆ ಅವನ ಪಾಲಿಗೆ ಕಪ್ಪು ಗೋಡೆ ಮಾತ್ರ. ಈ ವಿಷಯವನ್ನು ಶಾಲೆಯ ಹಿರಿಯರೊಬ್ಬರ ಬಳಿ ಹೇಳಿದಾಗ ಅವರು ಸಮಾಧಾನವೆಂಬಂತೆ, “ಅವನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಹತ್ತನೆಯಲ್ಲಿ ಅವನಿಗೆ ವಿಜ್ಞಾನ ಹೇಗೂ ಇರೋದಿಲ್ಲ” ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆ ಹುಡುಗನಿಗೆ ಪರೀಕ್ಷೆಯ ದಿನ ಊಟದ ಡಬ್ಬಿ ಕಟ್ಟಿಕೊಂಡು ಬರುವವರೂ ಅವರೇ. ಈ ಲೇಖನ ಆ ಮಾತಿನ ಕುರಿತಾದದ್ದು.

ವಿನಾಯಿತಿ ಎಂಬ ಬಾಗಿಲು

ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಂಡಿರಬೇಕು. ಗಣಿತದ ದಿನ ಪಕ್ಕದಲ್ಲೇ ಸಮಾಜಶಾಸ್ತ್ರ ಎಂದಿರುತ್ತದೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ ಎಂದಿರುತ್ತದೆ. ಇವು ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಇಟ್ಟಿರುವ ಪರ್ಯಾಯ ವಿಷಯಗಳು. ಕಾಣದ ಮಗುವಿಗೆ ಚಿತ್ರ, ಪ್ರಯೋಗ, ರೇಖಾಗಣಿತದ ಹೊರೆ ಬೇಡ ಎಂಬ ಕರುಣೆ ಇದರ ಹಿಂದಿದೆ. ಸಂಗೀತವೇ ಏಕೆ ಎಂದು ನಾವು ಯಾರೂ ಕೇಳುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಕೊಟ್ಟದ್ದು ಅಷ್ಟು ದೊಡ್ಡದು. ಆದರೆ ಅದೇ ದಾರಿ ನಮ್ಮ ಮನಸ್ಸಿನಲ್ಲಿ ಏಕೈಕ ದಾರಿಯಾಗಿಬಿಟ್ಟಿದೆ. ಹಾಡಲು ಬಾರದ, ಯಂತ್ರ ಬಿಚ್ಚಿ ನೋಡುವ ಹುಚ್ಚಿರುವ ಕುರುಡು ಹುಡುಗನಿಗೆ ನಾವು ಏನು ಹೇಳುತ್ತೇವೆ?

ಪರ್ಯಾಯ ವಿಷಯ ತೆಗೆದುಕೊಳ್ಳುವುದು ತಪ್ಪಲ್ಲ. ತಾನಾಗಿ ಆರಿಸಿಕೊಂಡರೆ ಒಳ್ಳೆಯದೇ. ಆದರೆ ವಿಜ್ಞಾನ, ಗಣಿತಗಳನ್ನು ಬಿಟ್ಟು ಹತ್ತನೇ ತರಗತಿ ಮುಗಿಸಿದ ಮಗುವಿಗೆ ಪಿಯುಸಿ ವಿಜ್ಞಾನದ ದಾರಿ ಅಲ್ಲಿಗೇ ಮುಚ್ಚಿದಂತೆ. ನಮ್ಮ ಹುಡುಗನ ವಿಷಯದಲ್ಲಂತೂ ಹತ್ತನೆಗೆ ಇನ್ನೂ ಎರಡು ವರ್ಷವಿದೆ. ವಿನಾಯಿತಿ ಇನ್ನೂ ಯಾರೂ ಕೊಟ್ಟಿಲ್ಲ, ಅವನು ಕೇಳಿಯೂ ಇಲ್ಲ. ಅಷ್ಟರಲ್ಲೇ ಎಂಟನೇ ತರಗತಿಯ ಪ್ರಯೋಗ ಅವನಿಗೆ ತಲುಪಬೇಕಿಲ್ಲ ಎಂದಾಗಿದೆ.

‘ಸಮನ್ವಯ ಶಿಕ್ಷಣ’ದ ಪತ್ರಿಕೆಗಾಗಿ ನಾವೆಲ್ಲ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಓದಿದ್ದೇವೆ. ಇಪ್ಪತ್ತೊಂದು ಅಂಗವೈಕಲ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇವೆ. ಅದರ 17ನೇ ಕಲಮನ್ನು ಮತ್ತೊಮ್ಮೆ ತೆರೆದು ನೋಡಿ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಮಾಡಬೇಕಾದ ಮಾರ್ಪಾಡುಗಳಿಗೆ ಅಲ್ಲಿ ಕೊಟ್ಟ ಉದಾಹರಣೆಗಳು ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ. ಆ ಉದಾಹರಣೆಗಳಲ್ಲಿ ವಿಜ್ಞಾನದ ಹೆಸರಿಲ್ಲ.

ಎಷ್ಟು ಕಾಣುತ್ತದೆ, ಹೇಗೆ ಕಾಣುತ್ತದೆ

ಸಾಮಾನ್ಯ ಶಾಲೆಗಳಲ್ಲಿ ನಮಗೆ ಸಿಗುವ ‘ಕಣ್ಣು ಕಾಣದ’ ಮಗುವಿಗೆ ಎಷ್ಟೋ ಸಲ ಸ್ವಲ್ಪ ದೃಷ್ಟಿ ಇರುತ್ತದೆ. ಕಾಯ್ದೆಯ ಪ್ರಕಾರ ಕನ್ನಡಕ ಹಾಕಿಯೂ ಉತ್ತಮ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ದೃಷ್ಟಿ ಇದ್ದರೆ ಅದು ಅಂಧತ್ವ. 6/18ರಿಂದ 3/60ರ ನಡುವೆ ಇದ್ದರೆ ಅಲ್ಪದೃಷ್ಟಿ. 3/60 ಎಂದರೆ ಉಳಿದವರು ಅರವತ್ತು ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಇವನು ಮೂರು ಮೀಟರ್ ಹತ್ತಿರ ಬಂದು ಗುರುತಿಸಬೇಕು. ಇಷ್ಟೇ ಅಲ್ಲ, ನೋಟದ ಹರವೂ ಲೆಕ್ಕಕ್ಕೆ ಬರುತ್ತದೆ. ಅದು 10 ಡಿಗ್ರಿಗಿಂತ ಕಡಿಮೆಯಾದರೆ, ಅಕ್ಷರ ಎಷ್ಟೇ ಸ್ಪಷ್ಟವಾಗಿ ಕಂಡರೂ ಅದನ್ನು ಅಂಧತ್ವವೆಂದೇ ಎಣಿಸುತ್ತಾರೆ.

ಈ ವ್ಯತ್ಯಾಸ ಪರೀಕ್ಷೆಗಾಗಿ ಓದುವ ಸಂಗತಿಯಷ್ಟೇ ಅಲ್ಲ. ಮಸುಕಾಗಿ ಕಾಣುವ ಮಗುವಿಗೆ ಚಿತ್ರವನ್ನು ದೊಡ್ಡದು ಮಾಡಿ ಕೊಟ್ಟರೆ ಅನುಕೂಲ. ಕೊಳವೆಯೊಳಗಿಂದ ನೋಡಿದಂತೆ ಕಿರಿದಾಗಿ ಕಾಣುವ ಮಗುವಿಗೆ ಅದೇ ಚಿತ್ರವನ್ನು ದೊಡ್ಡದು ಮಾಡಿದರೆ ತೊಂದರೆ ಹೆಚ್ಚು, ಏಕೆಂದರೆ ಚಿತ್ರದ ಒಂದು ಮೂಲೆ ಮಾತ್ರ ಅವನ ನೋಟದೊಳಗೆ ಬರುತ್ತದೆ. ಕೆಲವರಿಗೆ ಬೆಳಕು ಹೆಚ್ಚು ಬೇಕು. ಇನ್ನು ಕೆಲವರಿಗೆ ಬೆಳಕೇ ಶತ್ರು. ನಮ್ಮ ಹುಡುಗ ಈ ಎರಡನೇ ಗುಂಪಿನವನು. ಪಡುವಣ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬಿದ್ದರೆ ಕಣ್ಣು ಮುಚ್ಚಿ ಕುಳಿತುಬಿಡುತ್ತಾನೆ. ಮೊದಲ ವಾರ ಅವನು ತೂಕಡಿಸುತ್ತಿದ್ದಾನೆ ಎಂದು ನಾನು ಗದರಿದ್ದೆ. ಉರಿಯುವ ಮೆಗ್ನೀಸಿಯಂ ಅವನ ಕಣ್ಣಿಗೆ ಏನು ಮಾಡಿರಬಹುದು ಎಂದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಬೆಂಚನ್ನು ಕಿಟಕಿಗೆ ಬೆನ್ನು ಮಾಡಿ ತಿರುಗಿಸಿದೆವು. ಲೋಹದ ತುಣುಕುಗಳನ್ನು ಬಿಳಿ ಕಾಗದದ ಬದಲು ಕಪ್ಪು ಬಟ್ಟೆಯ ಮೇಲೆ ಇಟ್ಟೆ, ಇದ್ದಿಲನ್ನು ಬಿಳಿ ತಟ್ಟೆಯಲ್ಲಿ ಇಟ್ಟೆ. ಈ ಎರಡು ಬದಲಾವಣೆಗೆ ಖರ್ಚಿಲ್ಲ, ಅನುಮತಿಯೂ ಬೇಕಿಲ್ಲ.

ಅದೇ ಪಾಠವನ್ನು ಮತ್ತೆ ಬರೆದಾಗ

ನಮ್ಮ 5ಇ ಮಾದರಿಯ ಪಾಠಯೋಜನೆಯಲ್ಲಿ ‘ಅನ್ವೇಷಿಸು’ ಹಂತದ ಎದುರಿಗೆ ‘ವಿದ್ಯಾರ್ಥಿಗಳು ವೀಕ್ಷಿಸುತ್ತಾರೆ’ ಎಂದು ಬರೆಯುವುದು ರೂಢಿ. ನಾನು ಲೋಹಗಳ ಪಾಠವನ್ನು ಎದುರಿಗಿಟ್ಟುಕೊಂಡು, ‘ವೀಕ್ಷಿಸುತ್ತಾರೆ’ ಎಂದಿದ್ದಲ್ಲೆಲ್ಲ ಪೆನ್ಸಿಲಿನಿಂದ ‘ಯಾವುದರಿಂದ?’ ಎಂದು ಬರೆಯುತ್ತ ಹೋದೆ. ಉತ್ತರ ನೋಡಿ ನನಗೇ ಆಶ್ಚರ್ಯವಾಯಿತು. ಬಡಿದರೆ ನಾದ ಕೊಡುವುದು ಕಿವಿಯ ಕೆಲಸ. ಬಡಿದರೆ ತಗಡಾಗುವುದು, ಪುಡಿಯಾಗುವುದು ಬೆರಳಿನ ಕೆಲಸ. ಶಾಖ ಹರಿಯುವುದು ಚರ್ಮಕ್ಕೆ ತಿಳಿಯುತ್ತದೆ. ಗಡಸು, ತೂಕ ಕೈಗೆ ತಿಳಿಯುತ್ತವೆ. ಲೋಹಕ್ಕೆ ಆಮ್ಲ ಹಾಕಿದಾಗ ಬರುವ ಹೈಡ್ರೋಜನ್, ಉರಿಯುವ ಕಡ್ಡಿ ಹಿಡಿದರೆ ‘ಪಟ್’ ಎನ್ನುತ್ತದೆ. ಆ ಪರೀಕ್ಷೆಯೇ ಶಬ್ದದ್ದು. ಕಣ್ಣು ಬೇಕೇಬೇಕು ಎನ್ನುವುದು ಹೊಳಪು ಮತ್ತು ಲಿಟ್ಮಸ್, ಎರಡೇ. ಇಡೀ ಅಧ್ಯಾಯವನ್ನು ಕಣ್ಣಿನದ್ದಾಗಿ ಮಾಡಿದ್ದು ಪಠ್ಯವಲ್ಲ, ಮೇಜಿನ ಹಿಂದೆ ನಿಂತು ಎಲ್ಲವನ್ನೂ ಎತ್ತಿ ತೋರಿಸುವ ನಮ್ಮ ಅಭ್ಯಾಸ.

ವಿದ್ಯುತ್ ಹರಿಯುತ್ತದೆಯೇ ಎಂದು ನೋಡುವ ಮಂಡಲದಲ್ಲಿ ಬಲ್ಬ್ ತೆಗೆದು ಬಜರ್ ಹಾಕಿದೆ. ಕುಮಟಾ ಪೇಟೆಯಲ್ಲಿ ಚಹಾ-ಬನ್ಸಿಗೆ ಕೊಡುವಷ್ಟು ದುಡ್ಡಿಗೆ ಸಿಗುವ ವಸ್ತು. ಒಂದು ಚೀಲದಲ್ಲಿ ಕಬ್ಬಿಣದ ಮೊಳೆ, ತಾಮ್ರದ ತಂತಿ, ಅಲ್ಯೂಮಿನಿಯಂ ತುಣುಕು, ಇದ್ದಿಲು, ಗಂಧಕ, ಎರಡೂ ತುದಿ ಕೆತ್ತಿದ ಪೆನ್ಸಿಲ್ ಹಾಕಿದೆ. ಪ್ರತಿ ಗುಂಪೂ ಚೀಲದೊಳಗೆ ಕೈಹಾಕಿ, ಮೊದಲು ಮುಟ್ಟಿ ಹೇಳಬೇಕು, ಆಮೇಲೆ ಬಜರಿಗೆ ಹಿಡಿಯಬೇಕು. ತಣ್ಣಗಿರುವುದು ಲೋಹ ಎಂದು ಒಬ್ಬಳು ಹೇಳಿದಳು. ಎಲ್ಲವೂ ಒಂದೇ ಕೋಣೆಯಲ್ಲಿದ್ದರೂ ಲೋಹ ಮಾತ್ರ ಏಕೆ ತಣ್ಣಗೆ ಅನ್ನಿಸುತ್ತದೆ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು. ಬೆರಳಿನ ಶಾಖವನ್ನು ಲೋಹ ಬೇಗ ಎಳೆದುಕೊಳ್ಳುತ್ತದೆ ಎಂಬ ವಿವರಣೆಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ನಮ್ಮ ಹುಡುಗ ಪೆನ್ಸಿಲಿನ ಎರಡು ತುದಿಗೆ ತಂತಿ ಹಿಡಿದಾಗ ಬಜರ್ ಕೂಗಿತು. ಮೊಳೆ ಹಿಡಿದಾಗಿಗಿಂತ ಸಣ್ಣ ದನಿ. ಅವನು ಎರಡು-ಮೂರು ಸಲ ಬಿಟ್ಟು ಹಿಡಿದು ಮಾಡಿದ. “ಅಲೋಹದಲ್ಲಿ ಹರಿಯೂದಿಲ್ಲ ಅಂದ್ರಿ, ಇದು ಕೂಗ್ತದಲ್ಲ” ಎಂದ. ಗ್ರಾಫೈಟ್ ಒಂದು ಅಪವಾದ ಎಂದು ನಾನು ಹೇಳಬೇಕಿತ್ತು, ಆದರೆ ಮೊದಲು ಹೇಳಿದವನು ಅವನು. ಸಣ್ಣ ದನಿ ಏಕೆ ಎಂಬ ಅವನ ಎರಡನೇ ಪ್ರಶ್ನೆಗೆ ರೋಧದ ಮಾತು ತೆಗೆಯಬೇಕಾಯಿತು. ಅದು ಆ ದಿನದ ಯೋಜನೆಯಲ್ಲೇ ಇರಲಿಲ್ಲ. ಬಲ್ಬ್ ಇದ್ದಿದ್ದರೆ ಅಷ್ಟು ಚಿಕ್ಕ ವ್ಯತ್ಯಾಸವನ್ನು ಕಣ್ಣಿರುವ ಮಕ್ಕಳೂ ಗಮನಿಸುತ್ತಿರಲಿಲ್ಲವೇನೋ.

ಲಿಟ್ಮಸ್‌ಗೆ ಏನು ಮಾಡುವುದು? ಇದಕ್ಕೆ ಉತ್ತರ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ, ನಾವು ಓದಿ ದಾಟಿಬಿಡುತ್ತೇವೆ. ಘ್ರಾಣ ಸೂಚಕಗಳು: ಈರುಳ್ಳಿ, ವೆನಿಲ್ಲಾ, ಲವಂಗದ ಎಣ್ಣೆ. ಸಣ್ಣಗೆ ಹೆಚ್ಚಿದ ಈರುಳ್ಳಿಯ ಜೊತೆ ಬಟ್ಟೆಯ ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಒಂದು ಚೂರಿಗೆ ತೆಳು ಆಮ್ಲ, ಇನ್ನೊಂದಕ್ಕೆ ತೆಳು ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕಬೇಕು. ಬಳಿಕ ಎರಡನ್ನೂ ನೀರಿನಲ್ಲಿ ಜಾಲಿಸಿ ಮೂಸಬೇಕು. ಆಮ್ಲದ ಚೂರಿನಲ್ಲಿ ಈರುಳ್ಳಿ ವಾಸನೆ ಉಳಿಯುತ್ತದೆ, ಪ್ರತ್ಯಾಮ್ಲದ ಚೂರಿನಲ್ಲಿ ಹೋಗಿಬಿಡುತ್ತದೆ. ಡಬ್ಬಿ ನಮ್ಮ ಮನೆಯ ಅಡುಗೆಕೋಣೆಯಲ್ಲಿ ರಾತ್ರಿ ಕಳೆದದ್ದಕ್ಕೆ ಆಯಿ ಇನ್ನೂ ಗೊಣಗುತ್ತಾಳೆ. ಪ್ರಯೋಗ ಚೆನ್ನಾಗಿಯೇ ಆಯಿತು. ಆದರೆ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮೆಗ್ನೀಸಿಯಂ ಬೂದಿಯ ನೀರಿನಲ್ಲಿ ಇದು ಹಿಡಿಯಲಿಲ್ಲ. ಆ ಬೂದಿ ನೀರಿನಲ್ಲಿ ಕರಗುವುದೇ ತೀರ ಅಲ್ಪ, ಈರುಳ್ಳಿ ವಾಸನೆ ಹಾಗೇ ಇತ್ತು. ಆ ಒಂದು ಫಲಿತಾಂಶವನ್ನು ಅವನು ಗೆಳೆಯನ ಬಾಯಿಂದ ಕೇಳಿ ತಿಳಿದ. ಈ ಸಲ ಮಾತ್ರ ವ್ಯತ್ಯಾಸವಿತ್ತು: ಸೂಚಕ ಎಂದರೇನು ಎಂದು ಅವನಿಗೆ ಗೊತ್ತಿತ್ತು, ‘ನೀಲಿ’ ಎಂಬುದು ಬರೀ ಕೂಗಾಗಿರಲಿಲ್ಲ.

ಸುರಕ್ಷತೆಯ ಮಾತೂ ಹೇಳಬೇಕು. ರಾಸಾಯನಿಕವನ್ನು ಮೂಗಿಗೆ ಹಿಡಿದು ಮೂಸುವುದಲ್ಲ, ಕೈಯಿಂದ ಗಾಳಿ ಬೀಸಿಕೊಂಡು ಮೂಸುವುದನ್ನು ಮೊದಲು ಕಲಿಸಬೇಕು. ಆಮ್ಲ, ಪ್ರತ್ಯಾಮ್ಲ ಮುಟ್ಟುವ ವಸ್ತುಗಳಲ್ಲ. ಬೆಂಕಿಯ ಕೆಲಸ ಶಿಕ್ಷಕರದ್ದು. ದ್ರವ ಅಳೆಯಲು ಅಳತೆ ಜಾಡಿಯ ಬದಲು ಸೂಜಿಯಿಲ್ಲದ ಸಿರಿಂಜ್ ಕೊಡಬಹುದು. ಅದರ ಒಳದಂಡಕ್ಕೆ 5 ಮಿಲಿಲೀಟರಿಗೊಂದು ಕಚ್ಚು ಹಾಕಿದರೆ ಉಗುರಿಗೇ ಅಳತೆ ಸಿಗುತ್ತದೆ, ಚೆಲ್ಲುವುದೂ ಕಡಿಮೆ.

ಬೆರಳು ಓದುವ ಚಿತ್ರ

ನಾನು ಹೆಚ್ಚು ಎಡವಿದ್ದು ಜೀವಕೋಶದ ಪಾಠದಲ್ಲಿ. ಎರಡು ರಾತ್ರಿ ನಿದ್ದೆಗೆಟ್ಟು ಥರ್ಮಾಕೋಲಿನ ಮೇಲೆ ಸಸ್ಯಕೋಶದ ಮಾದರಿ ಮಾಡಿದೆ. ಹಗ್ಗದ ಕೋಶಭಿತ್ತಿ, ದಾರದ ಕೋಶಪೊರೆ, ರಾಗಿ, ಹೆಸರುಕಾಳು, ಗುಂಡಿ, ಹುಣಸೆಬೀಜ, ಒಂದೂ ಬಿಟ್ಟಿರಲಿಲ್ಲ. ಕಣ್ಣಿರುವವರೆಲ್ಲ ಹೊಗಳಿದರು. ಹುಡುಗ ಮೇಲೆಲ್ಲ ಕೈಯಾಡಿಸಿ, “ಇಡ್ಲಿ ತಟ್ಟೆ ಇದ್ದಂಗೆ ಅದೆ ಟೀಚರ್” ಎಂದ.

ಅವನ ಮಾತಿನಲ್ಲಿ ಮೂರು ಪಾಠಗಳಿದ್ದವು. ಮೊದಲನೆಯದು, ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತದೆ, ಬೆರಳು ತುಂಡುತುಂಡಾಗಿ ಸೇರಿಸಿಕೊಳ್ಳುತ್ತದೆ. ಬ್ರೈಲ್ ಅಕ್ಷರದ ಎರಡು ಚುಕ್ಕಿಗಳ ನಡುವೆ ಸುಮಾರು 2.5 ಮಿಲಿಮೀಟರ್ ಅಂತರವಿರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಹತ್ತಿರವಾದರೆ ಬೆರಳಿಗೆ ಎರಡೂ ಒಂದೇ. ನನ್ನ ಕೋಶಭಿತ್ತಿಯೂ ಕೋಶಪೊರೆಯೂ ಅವನಿಗೆ ಒಂದೇ ದಪ್ಪ ಗೆರೆ. ಪುಸ್ತಕದ ಚಿತ್ರವನ್ನು ಹಾಗೇ ಉಬ್ಬಿಸಿದರೆ ಅದು ಸ್ಪರ್ಶಚಿತ್ರವಾಗುವುದಿಲ್ಲ. ಒಂದು ಹಾಳೆಯಲ್ಲಿ ಮೂರು-ನಾಲ್ಕು ಭಾಗ ಸಾಕು. ಉಳಿದವಕ್ಕೆ ಇನ್ನೊಂದು ಹಾಳೆ. ಎರಡನೆಯದು, ತಟ್ಟೆಯಷ್ಟು ದೊಡ್ಡ ಮಾದರಿ ಮುಟ್ಟಿದವನು ಕೋಶ ತಟ್ಟೆಯಷ್ಟಿದೆ ಎಂದುಕೊಂಡರೆ ತಪ್ಪು ಅವನದಲ್ಲ. ಎಷ್ಟು ಪಟ್ಟು ಹಿಗ್ಗಿಸಿದ್ದು ಎಂದು ಬಾಯಿಬಿಟ್ಟು ಹೇಳಬೇಕು. ಮೂರನೆಯದು ನನಗೆ ಹೊಳೆದೇ ಇರಲಿಲ್ಲ: ‘ಸೀಳುನೋಟ’ ಎಂಬುದು ಕಣ್ಣಿನವರ ಒಪ್ಪಂದ. ಉಂಡೆಯಾದ ವಸ್ತುವನ್ನು ಚಪ್ಪಟೆ ಚಿತ್ರವಾಗಿ ಬರೆಯುವುದು ಅವನಿಗೆ ಯಾರೂ ಹೇಳಿಕೊಡದ ಭಾಷೆ. ಮರುದಿನ ಒಂದು ಇಡೀ ತೆಂಗಿನಕಾಯಿ, ಒಂದು ಒಡೆದ ಹೋಳು ತಂದು ಕೊಟ್ಟೆ. ಹೊರಗಿನ ಗುಂಡು, ಒಳಗಿನ ಪದರಗಳು, ಹೋಳಿನ ಅಂಚಿನ ಬಳೆ. ಹೋಳನ್ನು ಕಾಗದದ ಮೇಲೆ ಬೋರಲಿಟ್ಟು ಅಂಚಿನ ಸುತ್ತ ಗೆರೆ ಎಳೆಸಿದೆ. ಆಮೇಲೆ ಕೋಶದ ಸೀಳುನೋಟ ಹತ್ತು ನಿಮಿಷದ ಕೆಲಸವಾಯಿತು.

ಕೈ ಹಿಡಿದು ಮುಟ್ಟಿಸುವ ಆತುರವೂ ನಮಗಿದೆ. ಮಗುವಿನ ಕೈಯನ್ನು ಎಳೆದು ವಸ್ತುವಿನ ಮೇಲೆ ಇಡುವುದೆಂದರೆ, ನಮ್ಮ ಕತ್ತನ್ನು ಯಾರೋ ಹಿಡಿದು ತಿರುಗಿಸಿ ‘ನೋಡು’ ಎಂದಂತೆ. ನಮ್ಮ ಕೈಯನ್ನು ಕೆಳಗಿಟ್ಟು, ಅದರ ಮೇಲೆ ಅವನ ಕೈ ಬರಲು ಬಿಟ್ಟರೆ ಅವನು ತನಗೆ ಬೇಕಾದಾಗ ಜಾರಿಸಿಕೊಂಡು ಮುಂದೆ ಹೋಗುತ್ತಾನೆ. ‘ನೋಡು’ ಎಂಬ ಪದಕ್ಕೆ ಹೆದರಬೇಕಾಗಿಲ್ಲ, ಅವರೂ ‘ಸಿನಿಮಾ ನೋಡಿದೆ’ ಎಂದೇ ಹೇಳುತ್ತಾರೆ. ಹೆದರಬೇಕಾದದ್ದು ‘ಇದು’, ‘ಅದು’, ‘ಇಲ್ಲಿಂದ ಇಲ್ಲಿಗೆ’ ಎಂಬ ಪದಗಳಿಗೆ. ಸಹಪಾಠಿ ಮೊಬೈಲಿನಲ್ಲಿ ಹಿಡಿದ ನನ್ನ ಪಾಠವನ್ನು ಕಣ್ಣು ಮುಚ್ಚಿ ಕೇಳಿದೆ. “ಇದಕ್ಕೆ ಇದನ್ನು ಹಾಕಿದರೆ ಇದು ಬರುತ್ತದೆ.” ಹಲಗೆಯ ಮೇಲೆ ಬರೆಯುವಾಗಲೇ ಬರೆದದ್ದನ್ನು ಬಾಯಲ್ಲಿ ಹೇಳುವ ಅಭ್ಯಾಸ ಬಂದರೆ, ಹಿಂದಿನ ಬೆಂಚಿನ ಕಣ್ಣಿರುವ ಮಕ್ಕಳಿಗೂ ಉಪಕಾರ.

ಚಿಪ್ಪು ಮತ್ತು ಸುಣ್ಣ

ಹುಡುಗನ ತಾಯಿ ಅಘನಾಶಿನಿ ಹೊಳೆಯಲ್ಲಿ ನೀರಿಳಿದಾಗ ಬಳಚು ಹೆಕ್ಕಲು ಹೋಗುತ್ತಾರೆ. ರಜೆಯ ದಿನ ಅವನೂ ಜೊತೆಗೆ. ಬಳಚು, ನೀಲಿಕಲ್ಲು, ಬೇರೆ ಬೇರೆ ಸಮುದ್ರಚಿಪ್ಪುಗಳನ್ನು ಮುಟ್ಟಿಯೇ ಬೇರ್ಪಡಿಸುತ್ತಾನೆ. ಹೊಳನಗದ್ದೆಯ ಕಡಲತೀರದಲ್ಲಿ ಹುಟ್ಟಿ ಬೆಳೆದ ನನಗೆ ಆ ವ್ಯತ್ಯಾಸಗಳಲ್ಲಿ ಅರ್ಧವೂ ತಿಳಿದಿರಲಿಲ್ಲ. ನಾನು ಅವನಿಗೆ ಗೀರಟ್ ವರ್ಮೇ ಅವರ ಕಥೆ ಹೇಳಿದೆ.

ನೆದರ್ಲ್ಯಾಂಡ್ಸಿನಲ್ಲಿ 1946ರಲ್ಲಿ ಹುಟ್ಟಿದ ವರ್ಮೇ ಮೂರು ವರ್ಷದವರಿರುವಾಗಲೇ ಪೂರ್ತಿ ದೃಷ್ಟಿ ಕಳೆದುಕೊಂಡರು. ಕುಟುಂಬ ಅಮೆರಿಕಕ್ಕೆ ಹೋಯಿತು. ಅಲ್ಲಿ ನಾಲ್ಕನೇ ತರಗತಿಯ ಶಿಕ್ಷಕಿ ಫ್ಲೋರಿಡಾದ ಕಡಲತೀರದಿಂದ ತಂದ ಚಿಪ್ಪುಗಳನ್ನು ತರಗತಿಯ ಕಿಟಕಿಯ ಅಂಚಿನಲ್ಲಿ ಇಟ್ಟಿದ್ದರು. ಹುಡುಗ ಮುಟ್ಟಿ ನೋಡಿದ. ತನ್ನೂರಿನ ತಣ್ಣನೆಯ ಕಡಲಿನ ಚಿಪ್ಪುಗಳು ಒರಟು, ಸಾದಾ; ಇವು ನುಣುಪು, ಕೆತ್ತನೆ ತುಂಬಿದಂಥವು. ಬೆಚ್ಚಗಿನ ಕಡಲಿನ ಚಿಪ್ಪು ಏಕೆ ಹೀಗೆ ಎಂಬ ಪ್ರಶ್ನೆ ಅವರ ಜೀವಮಾನದ ಸಂಶೋಧನೆಯಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ಪ್ರಾಧ್ಯಾಪಕರಾಗಿ, ಏಡಿಗಳು ಕಚ್ಚಿ ಮುರಿದ ಚಿಪ್ಪು ಮತ್ತೆ ಬೆಸೆದುಕೊಂಡ ಗಾಯದ ಗುರುತುಗಳನ್ನು ಬೆರಳಿನಿಂದ ಓದಿ, ಬೇಟೆಗಾರ ಜೀವಿ ಮತ್ತು ಬೇಟೆಯ ನಡುವಿನ ಪೈಪೋಟಿ ವಿಕಾಸವನ್ನು ಹೇಗೆ ನಡೆಸಿದೆ ಎಂದು ತೋರಿಸಿದವರು ಅವರು. ಆ ಶಿಕ್ಷಕಿ ವಿಶೇಷ ತರಬೇತಿ ಪಡೆದಿದ್ದರೋ ಇಲ್ಲವೋ, ಚಿಪ್ಪುಗಳನ್ನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡಲಿಲ್ಲ.

ಮುಂದಿನ ವಾರ ಹುಡುಗ ಒಂದು ಚೀಲ ಚಿಪ್ಪು ತಂದ. ಚಿಪ್ಪಿಗೆ ತೆಳು ಆಮ್ಲ ಹಾಕಿದೆವು. ಬೀಕರಿಗೆ ಕಿವಿ ಕೊಟ್ಟರೆ ಗುಳ್ಳೆಗಳು ಸಿಡಿಯುವ ಸದ್ದು. ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಗೆ ಹೊಸತಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ಅದಕ್ಕೆ ನೀರು ಹಾಕಿದರೆ ಸುರ್ರೆಂದು ಬಿಸಿ. ಆ ಬಿಸಿಯನ್ನು ಬೀಕರಿನ ಹೊರಗಿನಿಂದ ಎಲ್ಲರೂ ಮುಟ್ಟಿ ನೋಡಿದರು. ಆ ದಿನ ಗುಂಪಿನಲ್ಲಿ ವಿವರಣೆ ಕೊಟ್ಟವನು ಅವನು. ಅಲ್ಲಿಯತನಕ ಪ್ರಯೋಗದ ಗುಂಪಿನಲ್ಲಿ ಅವನಿಗೆ ಸಿಗುತ್ತಿದ್ದ ಕೆಲಸ, ಗಡಿಯಾರ ಕೇಳಿ ಹೊತ್ತು ಹೇಳುವುದು.

ನೆರವು ಎಲ್ಲಿದೆ

ಒಬ್ಬ ಶಿಕ್ಷಕ ಒಂಟಿಯಾಗಿ ಎಲ್ಲವನ್ನೂ ಮಾಡಲಾಗುವುದಿಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಬೋಧನಾಭ್ಯಾಸಕ್ಕೆ ಹೋದ ಮೊದಲ ವಾರವೇ ಅವರನ್ನು ಕಾಣುವುದು ಒಳ್ಳೆಯದು. ನಾನು ಕಂಡದ್ದು ಐದನೇ ವಾರ. ಬೆಂಗಳೂರಿನಲ್ಲಿ ಐಐಐಟಿಯ ಆಶ್ರಯದಲ್ಲಿ ಬೆಳೆದ ವಿಷನ್ ಎಂಪವರ್ ಎಂಬ ಸಂಸ್ಥೆ, ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನ, ಗಣಿತ ತಲುಪಿಸುವುದನ್ನೇ ಗುರಿಯಾಗಿಟ್ಟುಕೊಂಡು ಅಂಧರ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿದ್ಯಾ ವೈ. ಸ್ವತಃ ಹುಟ್ಟಿನಿಂದ ದೃಷ್ಟಿಯಿಲ್ಲದವರು. ದೆಹಲಿಯ ಕಾರ್ತಿಕ್ ಸಾಹ್ನಿ ಹನ್ನೊಂದನೇ ತರಗತಿಯಲ್ಲಿ ವಿಜ್ಞಾನ ಓದಲು ಮಂಡಳಿಯೊಂದಿಗೆ ಜಗ್ಗಾಡಿ ಅನುಮತಿ ಪಡೆದು, 2013ರಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ. 96 ಅಂಕ ತೆಗೆದು ಸ್ಟ್ಯಾನ್‌ಫರ್ಡಿಗೆ ಹೋದರು. ಇಂಥ ಕಥೆಗಳನ್ನು ಹೇಳುವಾಗ ನನಗೆ ಸ್ವಲ್ಪ ಅಳುಕು. ಸ್ಟ್ಯಾನ್‌ಫರ್ಡಿಗೆ ಹೋಗುವವನಿಗೆ ಮಾತ್ರ ವಿಜ್ಞಾನ ಎಂದಾಗಬಾರದು. ಉಳಿದ ಮಕ್ಕಳಲ್ಲಿ ಎಷ್ಟು ಜನ ವಿಜ್ಞಾನಿಗಳಾಗುತ್ತಾರೆ ಎಂದು ಲೆಕ್ಕ ಹಾಕಿ ನಾವು ಪಾಠ ಮಾಡುತ್ತೇವೆಯೇ?

ಬೋಧನಾಭ್ಯಾಸದ ಕೊನೆಯ ದಿನ ಹುಡುಗ, “ಬೆಳಕಿನ ಪಾಠಕ್ಕೆ ಎಂತ ಮಾಡ್ತ್ರಿ ಟೀಚರ್?” ಎಂದು ಕೇಳಿದ. ಪ್ರತಿಫಲನದ ನಿಯಮಕ್ಕೆ ದಾರಿ ಇದೆ: ದಪ್ಪ ರಟ್ಟಿನ ಮೇಲೆ ಕನ್ನಡಿಯ ಜಾಗಕ್ಕೆ ಮರದ ಪಟ್ಟಿ, ಕಿರಣಗಳಿಗೆ ಗುಂಡುಸೂಜಿ ಮತ್ತು ದಾರ, ಅಂಚಿಗೆ ಕಚ್ಚು ಹಾಕಿದ ಕೋನಮಾಪಕ. ಬೆಳಕು ಬಿದ್ದಷ್ಟೂ ರೋಧ ಕಡಿಮೆಯಾಗುವ ಎಲ್‌ಡಿಆರ್ ಎಂಬ ಪುಟ್ಟ ಬಿಡಿಭಾಗವನ್ನು ಬಜರಿಗೆ ಜೋಡಿಸಿದರೆ, ಟಾರ್ಚಿನ ಬೆಳಕು ಎಲ್ಲಿದೆ ಎಂದು ಕಿವಿಯೇ ಹೇಳುತ್ತದೆ. ಕನ್ನಡಿಯಲ್ಲಿ ಎಡ ಬಲವಾಗುವುದನ್ನು ಹೇಗೆ ತಿಳಿಸುವುದು ಎಂದು ನನಗಿನ್ನೂ ಹೊಳೆದಿಲ್ಲ. ಹಾಗೆಂದೇ ಅವನಿಗೂ ಹೇಳಿದೆ. ಓದುಗರಲ್ಲಿ ಯಾರಾದರೂ ಮಾಡಿ ನೋಡಿದ್ದರೆ ಪತ್ರಿಕೆಗೆ ಬರೆಯಬೇಕು.

ಬಜರ್, ಚೀಲ, ಕಚ್ಚು ಹಾಕಿದ ಸಿರಿಂಜ್, ಕಪ್ಪು ಬಟ್ಟೆ ಮತ್ತು ತಿದ್ದಿದ ಪಾಠಯೋಜನೆಯ ಪ್ರತಿಯನ್ನು ಆ ಶಾಲೆಯ ವಿಜ್ಞಾನ ಕೋಣೆಯ ಕೆಳಗಿನ ಕಪಾಟಿನಲ್ಲಿ ಇಟ್ಟು ಬಂದಿದ್ದೇನೆ. ಮುಂದಿನ ತಂಡದವರು ಅಲ್ಲಿಗೆ ಹೋದರೆ ಬ್ಯಾಟರಿ ಮಾತ್ರ ಹೊಸದು ಹಾಕಿಕೊಳ್ಳಬೇಕು. ಅಷ್ಟರಲ್ಲಿ ಅವನು ಒಂಬತ್ತನೆಯಲ್ಲಿರುತ್ತಾನೆ.